ಗಂಟೆ ಬಂಡೆಯ ಮೇರೊ ಮೀನುಗಳು

ಕಡಲ ತೀರದ ಪುಂತಾ ಗಾರ್ಸಾ ಊರಿನಲ್ಲಿ ದೋನ್ ಗಾಸ್ಪರ್ ಕನುಲ್‌ನ ದೋಣಿಗಿಂತ ಅವನ ಬಾಯಿ ದೊಡ್ಡದು ಎಂಬುದು ಎಲ್ಲರಿಗೂ ಗೊತ್ತಿತ್ತು. ಅವನು ಹಿಡಿದ ಮೀನಿಗೆ ದೋಣಿ ಕಟ್ಟುವ ಧಕ್ಕೆಯಲ್ಲಿ ಒಂದು ಅಳತೆ, ಬಿಯರ್ ಅಂಗಡಿ ಮುಟ್ಟುವಷ್ಟರಲ್ಲಿ ಇನ್ನೊಂದು ಅಳತೆ. ಹಾಗಿದ್ದೂ ಊರಿಗೆ ಅವನ ಮೇಲೆ ಪ್ರೀತಿಯಿತ್ತು. ಉತ್ತರದ ಗಾಳಿ ಎದ್ದು ದೋಣಿಗಳೆಲ್ಲ ದಡ ಸೇರಿದ ದಿನಗಳಲ್ಲಿ ಹೊತ್ತು ಕಳೆಯಬೇಕೆಂದರೆ ಗಾಸ್ಪರ್ ಬೇಕಿತ್ತು. ಅವನ ಮಾತಿನಲ್ಲಿ ಅರ್ಧ ಬಿಟ್ಟು ಅರ್ಧ ನಂಬುವುದು ರೂಢಿ. ಒಂದು ವಿಷಯದಲ್ಲಿ ಮಾತ್ರ ಪೂರ್ತಿ ನಂಬುತ್ತಿದ್ದರು. ಅದು ಗಂಟೆ ಬಂಡೆ.

ಊರಿನ ಮುಂದಿನ ಕಡಲಿನಲ್ಲಿ, ಗಾಳಿಯಿಲ್ಲದ ದಿನ ಹುಟ್ಟು ಹಾಕಿಕೊಂಡೇ ಹೋಗಿಬರಬಹುದಾದ ದೂರದಲ್ಲಿ, ಕವುಚಿಟ್ಟ ಗಂಟೆಯ ಹಾಗೆ ನೀರಿನಡಿ ಕೂತಿರುವ ಬಂಡೆ ಅದು. ಚಳಿಗಾಲದಲ್ಲಿ ಮೇರೊ ಮೀನುಗಳು ಮೊಟ್ಟೆಯಿಡಲು ಅದರ ಬುಡದಲ್ಲಿ ಜಾತ್ರೆ ಸೇರುತ್ತವೆ, ಲಂಗರು ಇಳಿಸುವ ಜಾಗವನ್ನು ತನ್ನಪ್ಪ ತನಗೊಬ್ಬನಿಗೇ ತೋರಿಸಿಕೊಟ್ಟ ಎನ್ನುತ್ತಿದ್ದ ಗಾಸ್ಪರ್. ಮಾತಿಗೆ ಸಾಕ್ಷಿಯೂ ಇತ್ತು. ಪ್ರತಿ ಜನವರಿಯಲ್ಲಿ ಅವನು ಒಬ್ಬನೇ ನಸುಕಿಗೆ ಮುಂಚೆ ಹೊರಟುಹೋಗಿ, ಮಧ್ಯಾಹ್ನದ ಹೊತ್ತಿಗೆ ತೊಡೆಗಾತ್ರದ ಮೇರೊಗಳನ್ನು ತಂದು ಧಕ್ಕೆಯ ಮೇಲೆ ಸಾಲಾಗಿ ಮಲಗಿಸುತ್ತಿದ್ದ. ಬೇರೆಯವರು ಹೋಗಿ ಬರಿಗೈಯಲ್ಲಿ ಬಂದರೆ, "ನಿಮ್ಮ ಮುಖ ನೋಡಿದ್ರೇ ಅವು ಬಂಡೆಯೊಳಗೆ ಸೇರ್ಕೊಳ್ತವೆ ಕಣ್ರೋ," ಎಂದು ನಗುತ್ತಿದ್ದ.

ನೊಯೆಮಿ ಪೆಚ್ ಅದೇ ಊರಿನ ಹುಡುಗಿ. ಚರ್ಚಿನಲ್ಲಿ ಅವಳಿಗೆ ಹೆಸರಿಡುವಾಗ ಎತ್ತಿ ಹಿಡಿದವನು ಗಾಸ್ಪರ್. ಹಾಗಾಗಿ ಅವಳಿಗೆ ಅವನು ಪಾದ್ರಿನೊ, ಅಪ್ಪನಿಗೆ ಸಮ. ಈಜು ಕಲಿಸಿದವನು ಅವನು. ಅವಳು ಓದಲು ಮೆರಿದಾ ನಗರಕ್ಕೆ ಹೊರಟಾಗ ಬಸ್ಸಿನ ಕಿಟಕಿಯಲ್ಲಿ ಕೈ ತೂರಿಸಿ, "ಕಡಲಿನ ಬಗ್ಗೆ ಏನಾದ್ರೂ ಅನುಮಾನ ಬಂದ್ರೆ ಪ್ರೊಫೆಸರ್‌ನ ಕೇಳ್ಬೇಡ, ನನ್ನ ಕೇಳು," ಎಂದವನೂ ಅವನೇ. ಅವಳು ಕಡಲ ಜೀವಶಾಸ್ತ್ರ ಓದಿ, ಅದರ ಮೇಲೆ ಕಂಪ್ಯೂಟರ್ ಗಣಿತ ಕಲಿತು, ಅಲ್ಲಿನ ಒಂದು ಸಂಶೋಧನಾ ಕೇಂದ್ರದಲ್ಲಿ ಕೆಲಸಕ್ಕೆ ಸೇರಿದಳು.

ಅವಳ ಕೆಲಸ ಇಂಥದ್ದು. ಕಡಲಿನ ನಕ್ಷೆಯನ್ನು ಚೌಕಳಿ ಬಟ್ಟೆಯ ಹಾಗೆ ಸಣ್ಣ ಸಣ್ಣ ಚೌಕಗಳಾಗಿ ಹಂಚುವುದು. ಒಂದೊಂದು ಚೌಕದಲ್ಲೂ ಯಾವ ಜೀವ ಎಷ್ಟಿದೆ, ಅದನ್ನು ಮುಚ್ಚಿದರೆ ಮೀನುಗಾರರಿಗೆ ಎಷ್ಟು ನಷ್ಟ ಎಂದು ತುಂಬುವುದು. ಆಮೇಲೆ ಪ್ರೋಗ್ರಾಂಗೆ ಕೇಳುವುದು: ಪ್ರತಿಯೊಂದು ಜೀವಕ್ಕೂ ಇಂತಿಷ್ಟು ಪಾಲು ಆಸರೆ ಸಿಗಬೇಕು, ಒಟ್ಟು ನಷ್ಟ ಆದಷ್ಟೂ ಕಡಿಮೆಯಿರಬೇಕು, ಹಾಗಾದರೆ ಯಾವ ಚೌಕಗಳನ್ನು ಮುಚ್ಚಲಿ? ಅದು ಲಕ್ಷಗಟ್ಟಲೆ ಜೋಡಣೆಗಳನ್ನು ಒಂದಕ್ಕೊಂದು ಹೋಲಿಸುತ್ತಾ, ಕೆಟ್ಟದ್ದನ್ನು ಬಿಡುತ್ತಾ, ಕೊನೆಗೆ ಎಲ್ಲಕ್ಕಿಂತ ಉತ್ತಮವಾದ ಒಂದನ್ನು ಮುಂದಿಡುತ್ತದೆ. ಮನುಷ್ಯ ಕೂತು ಮಾಡಿದರೆ ಆಯುಷ್ಯ ಸಾಲದ ಲೆಕ್ಕ. ನೊಯೆಮಿಗೆ ಈ ಕೆಲಸ ಇಷ್ಟವಾಗಿತ್ತು. ಅದರಲ್ಲಿ ಪಕ್ಷಪಾತವಿಲ್ಲ, ಪುಡಾರಿಗಳ ಫೋನಿಗೆ ಅದು ಬಗ್ಗುವುದಿಲ್ಲ ಎಂದು ಅವಳು ನಂಬಿದ್ದಳು.

ಮೀನು ಕಡಿಮೆಯಾಗುತ್ತಿದೆ, ಕಡಲಿನ ಒಂದಷ್ಟು ಭಾಗಕ್ಕೆ ವಿಶ್ರಾಂತಿ ಕೊಡೋಣ ಎಂದು ಪುಂತಾ ಗಾರ್ಸಾದ ಸಹಕಾರ ಸಂಘದವರೇ ಕೇಂದ್ರಕ್ಕೆ ಕೇಳಿಕೊಂಡರು. ಕೆಲಸ ನೊಯೆಮಿಯ ಪಾಲಿಗೆ ಬಂತು. ಬಿಸಿಲು ಸುಡುವ ಮೇ ತಿಂಗಳಲ್ಲಿ ಅವಳು ಮನೆಮನೆಗೂ ಹೋಗಿ ನಕ್ಷೆ ಹರಡಿ, ಎಲ್ಲಿ ಏನು ಸಿಗುತ್ತದೆ ಎಂದು ಕೇಳಿದಳು. ಜನ ಸುಲಭಕ್ಕೆ ಬಾಯಿ ಬಿಡಲಿಲ್ಲ. ಒಳ್ಳೆಯ ಜಾಗ ತೋರಿಸಿದರೆ ಮುಚ್ಚಿಬಿಡುತ್ತಾರೆ ಎಂಬ ಭಯ. ಮೇರೊ ಎಲ್ಲಿ ಸೇರುತ್ತದೆ ಎಂದು ಕೇಳಿದರೆ ಎಲ್ಲರೂ ಒಂದೇ ಕಡೆ ಬೆರಳು ತೋರಿಸುತ್ತಿದ್ದರು: "ನಿನ್ನ ಪಾದ್ರಿನೊನ ಕೇಳು."

ಗಾಸ್ಪರ್ ನೂಲಿನ ಜೋಲಿಯಲ್ಲಿ ಮಲಗಿ ತೂಗಿಕೊಳ್ಳುತ್ತಾ ಅವಳಿಗಾಗಿಯೇ ಕಾಯುತ್ತಿದ್ದ.

"ಚಳಿಗಾಲದಲ್ಲಿ ಎಷ್ಟು ಸೇರ್ತವೆ, ಪಾದ್ರಿನೊ?"

"ಎಷ್ಟು ಅಂತ ಹೇಳ್ಲಿ? ನೀರು ಕಪ್ಪಾಗುತ್ತೆ."

"ಕಪ್ಪು ಅಂತ ಬರೆಯೋಕಾಗಲ್ಲ. ಒಂದು ಅಂದಾಜು ಹೇಳಿ."

"ಸಾವಿರ ಅಂತ ಬರ್ಕೊ." ಕಾಲೂರಿ ಜೋಲಿ ನಿಲ್ಲಿಸಿ ಸ್ವಲ್ಪ ಯೋಚಿಸಿದ. "ಬೇಡ. ಸಾವಿರ ಅಂದ್ರೆ ಆ ಬಂಡೆಗೆ ಅವಮಾನ. ಮೂರು ಸಾವಿರ ಬರಿ."

ಅಡುಗೆಮನೆಯಿಂದ ಅವನ ಹೆಂಡತಿ ಕ್ಲೆತಾ ಕೂಗಿದಳು. "ಗಾಸ್ಪರ್, ಆ ಹುಡುಗಿ ಕೆಲಸದ ಮೇಲೆ ಬಂದಿದ್ದಾಳೆ. ತಮಾಷೆ ಸಾಕು."

"ನಾನೂ ಕೆಲಸದ ಮಾತೇ ಆಡ್ತಿರೋದು. ನೀನು ನಿನ್ನ ರೊಟ್ಟಿ ನೋಡ್ಕೊ."

ನೊಯೆಮಿ ಬರೆದುಕೊಂಡಳು. ಬರೆಯುವಾಗ ಅವಳ ಕೈ ಒಂದು ಕ್ಷಣ ತಡೆಯಿತು. ಹಿಂದಿನ ಜನವರಿಯಲ್ಲಿ, ಪಕ್ಕದ ದೊಡ್ಡ ಬಂದರಿಗೆ ಮಾದರಿ ತರಲೆಂದು ಬೆಳಗಿನ ಜಾವ ಹೋಗಿದ್ದಾಗ, ಅವಳು ಗಾಸ್ಪರ್‌ನನ್ನು ನೋಡಿದ್ದಳು. ಒಂದು ದೊಡ್ಡ ಹಡಗಿನ ಪಕ್ಕಕ್ಕೆ ತನ್ನ ದೋಣಿ ಒತ್ತಿ ನಿಲ್ಲಿಸಿ, ಹಡಗಿನವರು ಇಳಿಸಿಕೊಟ್ಟ ಮೇರೊಗಳನ್ನು ಒಂದೊಂದಾಗಿ ಆರಿಸಿ ದೋಣಿಗೆ ತುಂಬಿಕೊಳ್ಳುತ್ತಿದ್ದ. ಅವಳು ಟ್ರಕ್ಕಿನ ಮರೆಗೆ ಸರಿದು ನಿಂತಳು. ಸಿಕ್ಕಿಬಿದ್ದವಳು ತಾನೇ ಎಂಬಷ್ಟು ನಾಚಿಕೆಯಾಗಿತ್ತು ಅವಳಿಗೆ. ಅಂದು ಮಧ್ಯಾಹ್ನ ಆ ಮೀನುಗಳೇ ಪುಂತಾ ಗಾರ್ಸಾದ ಧಕ್ಕೆಯ ಮೇಲೆ ಸಾಲಾಗಿ ಮಲಗಿದ್ದವು ಎಂದು ಆಮೇಲೆ ಕೇಳಿ ತಿಳಿದಳು. ಯಾರಿಗೂ ಹೇಳಲಿಲ್ಲ. ಮುದುಕನ ಒಂದು ಸುಳ್ಳು ಯಾರಿಗೆ ಏನು ಮಾಡುತ್ತದೆ, ಇದ್ದುಕೊಳ್ಳಲಿ ಎಂದುಕೊಂಡಿದ್ದಳು.

ಮೆರಿದಾಕ್ಕೆ ಮರಳಿ ಲೆಕ್ಕಕ್ಕೆ ಕೂತಾಗ ಆ ಸುಳ್ಳಿನ ಅಗತ್ಯ ಬಿತ್ತು. ನಂಬಿಕೆಯಿಲ್ಲದ ಹೇಳಿಕೆಗೆ ಕಡಿಮೆ ತೂಕ ಕೊಡುವುದು ಅವರ ಪದ್ಧತಿ. ಗಾಸ್ಪರ್‌ನ ಮಾತಿಗೆ ಕಡಿಮೆ ತೂಕ ಕೊಟ್ಟು ನೋಡಿದಳು. ಮೇರೊಗೆ ಕೊಡಬೇಕಾದ ಪಾಲು ಎಲ್ಲೂ ಹೊಂದದೆ, ಉತ್ತರ ಸಿಗುವುದಿಲ್ಲ ಎಂದು ಪ್ರೋಗ್ರಾಂ ನಿಂತುಬಿಟ್ಟಿತು. ನೀರಿಗೆ ಮುಳುಗಿ ಎಣಿಸುವವರನ್ನು ಕಳಿಸಬೇಕಿತ್ತು; ಎರಡು ಸಲ ಗಾಳಿಯಿಂದಾಗಿ ಅದು ತಪ್ಪಿಹೋಗಿತ್ತು. ಊರಿನ ಸಭೆ ಹತ್ತಿರ ಬರುತ್ತಿತ್ತು. ಮುಖ್ಯಸ್ಥೆ ಡಾಕ್ಟರ್ ಇರಾಸೆಮಾ ದಿನಕ್ಕೊಮ್ಮೆ ಬಾಗಿಲಲ್ಲಿ ತಲೆ ಹಾಕಿ, "ನಕ್ಷೆ ಆಯ್ತಾ?" ಎಂದು ಕೇಳುತ್ತಿದ್ದರು.

ಒಂದು ಸಂಜೆ ನೊಯೆಮಿ ಆ ಹೇಳಿಕೆಗೆ ಪೂರ್ತಿ ತೂಕ ಕೊಟ್ಟು ಮತ್ತೆ ಓಡಿಸಿದಳು. ಪ್ರೋಗ್ರಾಂ ಸರಾಗವಾಗಿ ಓಡಿ ಒಂದು ಅಚ್ಚುಕಟ್ಟಾದ ನಕ್ಷೆ ಕೊಟ್ಟಿತು. ನಟ್ಟನಡುವೆ, ಹಸಿರು ಬಣ್ಣದಲ್ಲಿ, ಗಂಟೆ ಬಂಡೆ ಮತ್ತು ಅದರ ಸುತ್ತಲಿನ ನೀರು. ಪಶ್ಚಿಮದ ಆಳದ ಕಡಲು ಪೂರ್ತಿ ತೆರೆದೇ ಉಳಿದಿತ್ತು. ಒಟ್ಟು ನಷ್ಟ ಅವಳು ನಿರೀಕ್ಷಿಸಿದ್ದಕ್ಕಿಂತ ಎಷ್ಟೋ ಕಡಿಮೆ.

"ಎಷ್ಟು ಚೆನ್ನಾಗಿ ಕೂತಿದೆ ನೋಡು," ಎಂದರು ಇರಾಸೆಮಾ. "ಮೇರೊ ಮಾಹಿತಿ ಗಟ್ಟಿ ತಾನೆ?"

"ಗಟ್ಟಿ. ಊರಿನ ಹಿರಿಯ ಮೀನುಗಾರ ಹೇಳಿದ್ದು," ಎಂದಳು ನೊಯೆಮಿ. ಆ ಮಾತು ಸುಳ್ಳಲ್ಲ ಎಂದು ತನಗೆ ತಾನೇ ಹೇಳಿಕೊಂಡಳು.

ಸಭೆ ಸೇರಿದ್ದು ಸಂಘದ ಮಂಜುಗಡ್ಡೆ ಶೆಡ್ಡಿನಲ್ಲಿ, ಭಾನುವಾರ ಪೂಜೆ ಮುಗಿದ ಮೇಲೆ. ಗೋಡೆಯ ಮೇಲೆ ನಕ್ಷೆ ಕಂಡದ್ದೇ ಗಾಸ್ಪರ್ ಎದ್ದು ನಿಂತ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ. "ನನ್ನ ಅಪ್ಪ ನನಗೆ ಕೊಟ್ಟದ್ದನ್ನ ನಾನು ಊರಿಗೆ ಕೊಡ್ತಿದ್ದೀನಿ," ಎಂದ. "ಇನ್ನು ಮೇಲೆ ಗಂಟೆ ಬಂಡೆಗೆ ನಾನೂ ಹೋಗಲ್ಲ, ಯಾರೂ ಹೋಗಬಾರದು." ಜನ ಚಪ್ಪಾಳೆ ತಟ್ಟಿದರು. ಅವನ ಮುಖದಲ್ಲಿದ್ದ ನೆಮ್ಮದಿ ನೊಯೆಮಿಯೊಬ್ಬಳಿಗೇ ಅರ್ಥವಾಯಿತು. ಇನ್ನು ಪ್ರತಿ ಜನವರಿಯಲ್ಲಿ ಅವನು ಮೀನು ತಂದು ತೋರಿಸಬೇಕಾಗಿಲ್ಲ; ಅಲ್ಲಿ ಮೀನಿದೆಯೋ ಇಲ್ಲವೋ ಎಂದು ಯಾರೂ ಹೋಗಿ ನೋಡುವಂತಿಲ್ಲ.

ಹಿಂದಿನ ಬೆಂಚಿನಿಂದ, ಊರಿನವರು ಮರ್ಯಾದೆಗೆ ದೋನ್ಯಾ ಎನ್ನುತ್ತಿದ್ದ ಬಸೀಲಿಯಾ ಕೈ ಎತ್ತಿದಳು. ಗಂಡ ತೀರಿಕೊಂಡ ಮೇಲೆ ತಂಗಿಯನ್ನು ಜೊತೆಗಿಟ್ಟುಕೊಂಡು ಅವನ ಪುಟ್ಟ ದೋಣಿಯಲ್ಲಿ ಆಕ್ಟೋಪಸ್ ಹಿಡಿಯುತ್ತಿದ್ದವಳು. ಬಿದಿರಿನ ಗಳುಗಳಿಗೆ ದಾರ ಕಟ್ಟಿ, ದಾರದ ತುದಿಗೆ ಏಡಿ ಕಟ್ಟಿ, ದೋಣಿಯನ್ನು ಅಲೆಗೆ ಬಿಟ್ಟು ಕಾಯುವ ಕಸುಬು. ಮೋಟಾರಿಲ್ಲದ ದೋಣಿಗಳಿಗೆ ಗಂಟೆ ಬಂಡೆಯ ಸುತ್ತಲಿನ ನೀರೇ ಅನ್ನ.

"ನಮಗೆ ಹತ್ತಿರ ಇರೋದು ಅದೊಂದೇ ಜಾಗ ಅಲ್ವಾ ನೊಯೆಮಿ? ಆಕ್ಟೋಪಸ್‌ಗೆ ಎಲ್ಲಿ ಹೋಗೋದು ನಾವು?"

"ಎಲ್ಲರ ನಷ್ಟಾನೂ ಲೆಕ್ಕಕ್ಕೆ ಹಾಕಿದ್ದೀವಿ ದೋನ್ಯಾ ಬಸೀಲಿಯಾ. ಒಟ್ಟು ನೋಡಿದ್ರೆ ತುಂಬಾ ಕಡಿಮೆ."

"ಒಟ್ಟು ಅಂದ್ರೆ ಯಾರು?"

ಯಾರೋ ನಕ್ಕರು. ನೊಯೆಮಿಯೂ ನಕ್ಕಳು. "ನಮ್ಮ ಹುಡುಗಿ ಮಾಡಿದ ಲೆಕ್ಕ, ನಮಗೆ ಕೆಟ್ಟದ್ದು ಮಾಡ್ತಾಳಾ?" ಎಂದ ಸಂಘದ ಅಧ್ಯಕ್ಷ. ಕೈಗಳು ಮೇಲೆದ್ದವು. ಬಸೀಲಿಯಾ ಕೂಡ, ಕೊನೆಗೆ, ಕೈ ಎತ್ತಿದಳು.

ಆಗಸ್ಟಿನಲ್ಲಿ ಆಕ್ಟೋಪಸ್ ಕಾಲ ಶುರುವಾಯಿತು. ಗಂಟೆ ಬಂಡೆಯ ಸುತ್ತ ಹಳದಿ ತೇಲುಬುರುಡೆಗಳನ್ನು ಕಟ್ಟಿದ್ದರು. ಸಣ್ಣ ದೋಣಿಯವರು ಅವನ್ನು ಸುತ್ತಿ ಬಳಸಿ ಆಚೆಯ ತೆರೆದ ನೀರಿಗೆ ಹೋಗಬೇಕಾಯಿತು. ಕೆಲವರು ಹೋಗುವುದನ್ನೇ ಬಿಟ್ಟು ಏಡಿ ಸುಲಿಯುವ ಶೆಡ್ಡಿಗೆ ಕೂಲಿಗೆ ಸೇರಿದರು. ಬಸೀಲಿಯಾ ಬಿಡಲಿಲ್ಲ. ಸೆಪ್ಟೆಂಬರಿನ ಒಂದು ಮಧ್ಯಾಹ್ನ ಗಾಳಿ ತಿರುಗಿ ಅವಳ ದೋಣಿ ಮಗುಚಿತು. ಅಕ್ಕತಂಗಿಯರು ದೋಣಿಯ ಬೆನ್ನು ಹಿಡಿದು ತೇಲುತ್ತಿದ್ದುದನ್ನು ಮೋಟಾರು ದೋಣಿಯವರು ಕಂಡು ಎಳೆದು ತಂದರು. ತಂಗಿಯ ಭುಜದ ಮೂಳೆ ಮುರಿದಿತ್ತು. ಗಳುಗಳು ಕಡಲ ಪಾಲು.

ಸುದ್ದಿ ಹೇಳಿದ್ದು ಕ್ಲೆತಾ, ಫೋನಿನಲ್ಲಿ. ಕೇಳಿದ ಮೇಲೆ ನೊಯೆಮಿ ಕಂಪ್ಯೂಟರಿನಲ್ಲಿ ಆ ಚೌಕಗಳನ್ನು ತೆಗೆದು ನೋಡಿದಳು. ಬಸೀಲಿಯಾಳ ಇಡೀ ಬದುಕು ಅಲ್ಲಿ ದಶಾಂಶ ಬಿಂದುವಿನ ಆಚೆ ಎಲ್ಲೋ ಕೂತಿದ್ದ ಒಂದು ಸಣ್ಣ ಅಂಕಿಯಾಗಿತ್ತು. ದೊಡ್ಡ ದೋಣಿಗಳ ನಷ್ಟದ ಪಕ್ಕದಲ್ಲಿ ಅದು ಪ್ರೋಗ್ರಾಂಗೆ ಕಂಡೇ ಇರಲಿಲ್ಲ. ಒಟ್ಟು ಅಂದರೆ ಯಾರು ಎಂದು ಬಸೀಲಿಯಾ ಕೇಳಿದ್ದು ಸರಿಯಾದ ಪ್ರಶ್ನೆಯಾಗಿತ್ತು. ತಾನು ಅದಕ್ಕೆ ನಕ್ಕಿದ್ದೆ ಎಂಬುದು ನೆನಪಾಗಿ ಅವಳ ಕಿವಿ ಬಿಸಿಯಾಯಿತು. ಮೇರೊ ಉಳಿಯುತ್ತದಲ್ಲ, ಅದಕ್ಕಾದರೂ ಬೆಲೆಯಿದೆಯಲ್ಲ ಎಂದು ಸಮಾಧಾನ ಹೇಳಿಕೊಳ್ಳಲು ನೋಡಿದಳು. ಟ್ರಕ್ಕಿನ ಮರೆಯಲ್ಲಿ ನಿಂತು ಕಂಡದ್ದು ಕಣ್ಣ ಮುಂದೆ ಬಂದು, ಸಮಾಧಾನವೂ ನಿಲ್ಲಲಿಲ್ಲ.

ಜನವರಿಯಲ್ಲಿ ಅವಳು ಊರಿಗೆ ಹೋದಾಗ ಧಕ್ಕೆಯಲ್ಲಿ ಗದ್ದಲವಿತ್ತು. ಹತ್ತಿರದ ನೀರು ಮುಚ್ಚಿದ್ದರಿಂದ ಮೋಟಾರು ದೋಣಿಯವರು ಪಶ್ಚಿಮದ ಆಳಕ್ಕೆ, ಹಿಂದೆ ಯಾರೂ ಅಷ್ಟಾಗಿ ಹೋಗದಿದ್ದ ಕಡೆಗೆ, ಹೋಗಲು ಶುರುಮಾಡಿದ್ದರು. ಅಲ್ಲಿ ಅವರಿಗೆ ಮೇರೊ ಸಿಕ್ಕಿತ್ತು. ಒಂದೆರಡಲ್ಲ, ದೋಣಿ ತುಂಬ. ಧಕ್ಕೆಯ ಮೇಲೆ ಹೆಂಗಸರು ಸಾಲಾಗಿ ಕೂತು ಹೊಟ್ಟೆ ಸೀಳುತ್ತಿದ್ದರು. ಪ್ರತಿ ಮೀನಿನ ಹೊಟ್ಟೆಯಲ್ಲೂ ಹಳದಿ ಮೊಟ್ಟೆಯ ಗೊಂಚಲು. ಮೊಟ್ಟೆಯಿಡಲು ಸೇರಿದ್ದ ಮೀನುಗಳನ್ನು ಸೇರಿದ್ದ ಜಾಗದಲ್ಲೇ ಬಳಿದು ತಂದಿದ್ದರು. ಕಾನೂನಿನ ಪ್ರಕಾರ ಅದರಲ್ಲಿ ತಪ್ಪೂ ಇರಲಿಲ್ಲ. ಮೇರೊ ಹಿಡಿಯಬಾರದ ತಿಂಗಳು ಇನ್ನೂ ಬಂದಿರಲಿಲ್ಲ, ನಕ್ಷೆಯಲ್ಲಿ ಆ ನೀರು ತೆರೆದಿತ್ತು.

ಬಸೀಲಿಯಾ ಚಾಕು ಕೆಳಗಿಟ್ಟು ತಲೆ ಎತ್ತಿದಳು. ಅವಳೂ ಈಗ ಕೂಲಿಗೆ ಕೂತಿದ್ದಳು.

"ಬಾ ಡಾಕ್ಟರಮ್ಮ. ನೋಡು, ಎಷ್ಟು ಮೊಟ್ಟೆ. ನಿನ್ನ ಕಂಪ್ಯೂಟರಿಗೆ ಈ ಜಾಗ ಗೊತ್ತಿರ್ಲಿಲ್ವಾ?"

"ಗೊತ್ತಿರಲಿಲ್ಲ, ದೋನ್ಯಾ."

"ಪಾಪ, ಅದೇನು ಮಾಡುತ್ತೆ. ಹೇಳಿದವರು ಹೇಳಿದ್ದು ತಾನೆ ಅದಕ್ಕೆ ಗೊತ್ತು." ಎಂದು ಮತ್ತೆ ಚಾಕು ಎತ್ತಿಕೊಂಡಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನೊಯೆಮಿಗೆ ನಿಂತುಕೊಳ್ಳಲು ಸುಲಭವಾಗುತ್ತಿತ್ತು.

ಅಲ್ಲಿಂದ ನೇರ ಗಾಸ್ಪರ್‌ನ ಮನೆಗೆ ಹೋದಳು. ಅವನು ಜೋಲಿಯಲ್ಲೇ ಇದ್ದ. ಮೀನಿನ ಸುದ್ದಿ ಅವನಿಗಾಗಲೇ ಮುಟ್ಟಿತ್ತು, ವಿವರಣೆಯೂ ಸಿದ್ಧವಿತ್ತು.

"ಗಂಟೆ ಬಂಡೆಯಲ್ಲಿ ಜಾಗ ಸಾಲದೆ ಅಲ್ಲಿಗೆ ಹೋಗಿವೆ. ಮುಚ್ಚಿದ್ದಕ್ಕೇ ಇಷ್ಟು ಹೆಚ್ಚಿರೋದು. ನಿನ್ನ ನಕ್ಷೆ ಕೆಲಸ ಮಾಡ್ತಿದೆ ಅಂತ ಅರ್ಥ, ಮಗಳೇ."

"ಪಾದ್ರಿನೊ, ನಾನು ನಿಮ್ಮನ್ನ ದೊಡ್ಡ ಬಂದರಿನಲ್ಲಿ ನೋಡಿದ್ದೆ."

ಜೋಲಿ ನಿಂತಿತು. ಅಡುಗೆಮನೆಯಲ್ಲಿ ಹಿಟ್ಟು ತಟ್ಟುವ ಸದ್ದೂ ನಿಂತಿತು.

"ಯಾವಾಗ?" ಎಂದ.

"ಹೋದ ವರ್ಷದ ಜನವರಿ. ಹಡಗಿಂದ ಮೇರೊ ಇಳಿಸ್ಕೊಳ್ತಿದ್ರಿ."

"ಹೋದ ವರ್ಷ ಅಂದ್ರೆ, ನೀನು ನಕ್ಷೆ ಹಿಡ್ಕೊಂಡು ಇಲ್ಲಿ ಬಂದು ಕೂತ್ಯಲ್ಲ, ಅದಕ್ಕೂ ಮುಂಚೆ."

"ಹೌದು."

"ಗೊತ್ತಿದ್ದೂ ಬರ್ಕೊಂಡೆ."

"ಬರ್ಕೊಂಡೆ."

ಅವನು ಎದ್ದು ಕೂತ. ಅವನಿಗೆ ಇಷ್ಟು ವಯಸ್ಸಾಗಿದೆ ಎಂದು ಅವಳಿಗೆ ಅದುವರೆಗೆ ಅನಿಸಿರಲಿಲ್ಲ. "ನಾನು ಬಾಯಿಬಡುಕ ಅಂತ ಊರಿಗೇ ಗೊತ್ತು. ಅಪ್ಪನ ಕಾಲಕ್ಕೆ ಅಲ್ಲಿ ನಿಜವಾಗ್ಲೂ ಸೇರ್ತಿದ್ವು, ನೀರು ಕಪ್ಪಾಗ್ತಿತ್ತು. ನನ್ನ ಕಾಲಕ್ಕೆ ಕಡಿಮೆಯಾಗ್ತಾ ಬರೋದೇ ನಿಂತೋಯ್ತು. ಒಂದು ವರ್ಷ ಬರಿಗೈಲಿ ಬರೋಕೆ ಮನಸ್ಸಾಗ್ಲಿಲ್ಲ, ಕೊಂಡ್ಕೊಂಡು ಬಂದೆ. ಆಮೇಲೆ ನಿಲ್ಲಿಸೋದು ಹೇಗೆ ಅಂತ ತಿಳೀಲಿಲ್ಲ. ಆದ್ರೆ ನಾನು ಸುಳ್ಳು ಹೇಳ್ತಿದ್ದದ್ದು ಜನ ನಗಲಿ ಅಂತ. ನೀನು ಅದನ್ನ ಕಾನೂನು ಮಾಡ್ದೆ."

ನೊಯೆಮಿ ನೆಲ ನೋಡುತ್ತಾ ನಿಂತಳು. ನಿಮ್ಮ ಮೇಲಿನ ಗೌರವಕ್ಕೆ ಸುಮ್ಮನಿದ್ದೆ ಎನ್ನಬಹುದಿತ್ತು. ಅದೂ ಅರ್ಧ ಸತ್ಯ. ಉಳಿದರ್ಧ, ಆ ಅಚ್ಚುಕಟ್ಟಾದ ಹಸಿರು ನಕ್ಷೆಯ ಆಸೆ.

"ಸಭೆ ಕರೆದು ಹೇಳ್ತೀನಿ," ಎಂದಳು.

"ಹೇಳು. ಲೆಕ್ಕ ತಪ್ಪಿತು ಅಂತ ಹೇಳು." ಆಮೇಲೆ ಮುಖ ಗೋಡೆಯ ಕಡೆ ತಿರುಗಿಸಿ ಮೆಲ್ಲಗೆ ಅಂದ. "ಬಂದರಿನ ವಿಷಯ ಬೇಡ ಮಗಳೇ. ನಾನು ಧಕ್ಕೆಗೆ ಹೋಗೋದು ಹೇಗೆ?"

ಅವಳು ಮಾತು ಕೊಟ್ಟಳು.

ಮೆರಿದಾಕ್ಕೆ ಮರಳಿ, ತಾನು ತಪ್ಪು ತುಂಬಿದ್ದನ್ನು ಇರಾಸೆಮಾಗೆ ಹೇಳಿದಾಗ ಅವರು ಕನ್ನಡಕ ತೆಗೆದು ಕಣ್ಣೊತ್ತಿಕೊಂಡರು. "ಮುಂದಿನ ಪರಿಷ್ಕರಣೆಯಲ್ಲಿ ಸದ್ದಿಲ್ಲದೆ ಸರಿ ಮಾಡೋಣ. ಈಗ ಹೋಗಿ ಹೇಳಿದ್ರೆ ಬೇರೆ ಯಾವ ಊರೂ ನಮ್ಮನ್ನ ನಂಬಲ್ಲ."

"ಅಷ್ಟರಲ್ಲಿ ಇನ್ನೆಷ್ಟು ಚಳಿಗಾಲ ಹೋಗುತ್ತೆ? ಮೊಟ್ಟೆ ತುಂಬಿದ ಮೀನು ಸೀಳ್ತಿದ್ದಾರೆ, ಡಾಕ್ಟರ್."

"ನನ್ನ ಹತ್ತಿರ ಗಟ್ಟಿ ಅಂದಿದ್ದೆ ನೀನು," ಎಂದರು ಇರಾಸೆಮಾ. "ಹೋಗು. ಹೇಳಿ ಬಾ. ಬಂದ ಮೇಲೆ ಈ ಯೋಜನೆ ಬೇರೆಯವರು ನೋಡ್ಕೊಳ್ತಾರೆ."

ಈ ಸಲ ಶೆಡ್ಡಿನಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ. ನೊಯೆಮಿ ಗೋಡೆಯ ಮೇಲಿನ ನಕ್ಷೆಯ ಪಕ್ಕದಲ್ಲಿ ನಿಂತಳು. ಮೇರೊ ಬಗ್ಗೆ ತನ್ನ ಬಳಿಯಿದ್ದ ಮಾಹಿತಿ ದುರ್ಬಲವಾಗಿತ್ತು, ಅದು ತನಗೆ ಗೊತ್ತಿತ್ತು, ಗೊತ್ತಿದ್ದೂ ಗಟ್ಟಿ ಎಂದು ತುಂಬಿದೆ, ನಕ್ಷೆ ಸುಂದರವಾಗಿ ಬರಲಿ ಎಂದು ಹಾಗೆ ಮಾಡಿದೆ ಎಂದಳು. ಸಣ್ಣ ದೋಣಿಯವರ ನಷ್ಟವನ್ನು ಒಟ್ಟಿನಲ್ಲಿ ಮುಳುಗಿಸಿದ್ದೂ ತನ್ನದೇ ತಪ್ಪು ಎಂದಳು. ದನಿ ನಡುಗಿತು. ನಡುಕ ಕಂಡು ಯಾರಾದರೂ ಕನಿಕರ ತೋರಿಸಿಯಾರು ಎಂಬ ಆಸೆ ಒಳಗೆಲ್ಲೋ ಇಣುಕಿ, ಅದಕ್ಕೂ ನಾಚಿಕೆಯಾಯಿತು.

"ನನ್ನ ತಂಗಿಗೆ ಇನ್ನೂ ಕೈ ಎತ್ತಿ ತಲೆ ಬಾಚಿಕೊಳ್ಳೋಕಾಗಲ್ಲ," ಎಂದಳು ಬಸೀಲಿಯಾ. "ಯಾರು ಕೊಟ್ಟ ಮಾಹಿತಿ ಅದು?"

"ಬರ್ಕೊಂಡವಳು ನಾನು."

"ಕೊಟ್ಟವರು ಯಾರು ಅಂತ ಕೇಳಿದ್ದು."

"ತಪ್ಪು ನನ್ನದು, ದೋನ್ಯಾ."

ಆಗ ಹಿಂದಿನ ಸಾಲಿನಲ್ಲಿ ಗಾಸ್ಪರ್ ಎದ್ದ. ಪಕ್ಕದಲ್ಲಿ ಕೂತಿದ್ದ ಕ್ಲೆತಾ ಅವನ ಅಂಗಿ ಹಿಡಿದೆಳೆಯಲಿಲ್ಲ. ಅವನಿಗೆ ದಾರಿ ಬಿಡಲು ಮೊಣಕಾಲು ಸರಿಸಿದಳು.

"ಗಂಟೆ ಬಂಡೆಯಲ್ಲಿ ಮೇರೊ ಇಲ್ಲ," ಎಂದ ಗಾಸ್ಪರ್.

ಯಾರೋ ಕಿಸಕ್ಕೆಂದರು, ನಗು ಬೆಂಚಿನಿಂದ ಬೆಂಚಿಗೆ ಹಬ್ಬಿತು.

"ನೋಡ್ರಪ್ಪ, ಬಂಡೆ ವಾಪಸ್ ಬೇಕಂತೆ ಮುದುಕನಿಗೆ."

"ದೋನ್ ಗಾಸ್ಪರ್, ನೀವೊಬ್ರೇ ಹೋಗಿ ಬಳ್ಕೊಂಡು ಬರೋಣ ಅಂತಾನಾ?"

"ನಿಜ ಹೇಳ್ತಿದ್ದೀನಿ. ನಾನು ಹುಡುಗನಾಗಿದ್ದಾಗ ಇದ್ವು. ಈಗ ಇಲ್ಲ. ಎಷ್ಟೋ ವರ್ಷದಿಂದ ಇಲ್ಲ."

"ಹೋದ ವರ್ಷ ತಂದಿದ್ದು ಹಾಗಾದ್ರೆ ಮಾವಿನ ಹಣ್ಣಾ?"

ನಗು ಇನ್ನೂ ಜೋರಾಯಿತು. ಜೀವಮಾನವೆಲ್ಲ ಇವರನ್ನು ನಗಿಸಿದ್ದ ಗಾಸ್ಪರ್ ಆ ನಗುವಿನ ಮಧ್ಯೆ ಟೋಪಿ ಹಿಡಿದು ನಿಂತಿದ್ದ. ನೊಯೆಮಿಗೆ ನೋಡಲಾಗಲಿಲ್ಲ. ತಾನು ಬಾಯಿ ಬಿಟ್ಟರೆ ಕೊಟ್ಟ ಮಾತು ಮುರಿಯುತ್ತದೆ. ಸುಮ್ಮನಿದ್ದರೆ ಅವನು ಒಂಟಿ.

"ದೊಡ್ಡ ಬಂದರಿನ ಹಡಗಿಂದ ಕೊಂಡು ತಂದದ್ದು," ಎಂದ ಅವನು. "ಸ್ಟೆಲಾ ಅಂತ ಹಡಗು. ಅದರ ಯಜಮಾನನ್ನ ಹೋಗಿ ಕೇಳಿ. ಪ್ರತಿ ಜನವರಿ ಬರ್ತಾನೆ ಆ ಪುಂತಾ ಗಾರ್ಸಾದ ಮುದುಕ, ದೊಡ್ಡ ದೊಡ್ಡದೇ ಆರಿಸ್ಕೊಂಡು ಹೋಗ್ತಾನೆ ಅಂತ ಹೇಳ್ತಾನೆ."

ನಗು ಒಂದೊಂದೇ ಬೆಂಚಿನಲ್ಲಿ ನಿಂತಿತು. ಗಾಸ್ಪರ್ ಬಸೀಲಿಯಾಳ ಕಡೆ ತಿರುಗಿದ. ಆಮೇಲೆ ಟೋಪಿ ತಲೆಯ ಮೇಲಿಟ್ಟುಕೊಂಡು ಹೊರಗೆ ಹೋದ. ಕ್ಲೆತಾ ಎದ್ದು ಅವನ ಹಿಂದೆ ನಡೆದಳು. ದಾರಿಯಲ್ಲಿ ನೊಯೆಮಿಯ ಮುಂದೆ ಬಂದಾಗ ನಿಂತು, "ನೀನು ಅವತ್ತೇ ಒಂದು ಮಾತು ಅಂದಿದ್ರೆ ಮನೆಯೊಳಗೇ ಮುಗಿದುಹೋಗ್ತಿತ್ತು," ಎಂದಷ್ಟೇ ಹೇಳಿದಳು.

ಆಮೇಲೆ ನಡೆದದ್ದು ಹೀಗೆ. ಗಾಳಿ ತಗ್ಗಿದ ಮೇಲೆ ಮುಳುಗುಗಾರರು ಬಂದು ಗಂಟೆ ಬಂಡೆಯ ಬುಡವನ್ನೆಲ್ಲ ಹುಡುಕಿದರು. ಆಕ್ಟೋಪಸ್ ಬಿಲಗಳು ಕಂಡವು, ಮೇರೊ ಕಾಣಲಿಲ್ಲ. ತೇಲುಬುರುಡೆಗಳನ್ನು ಬಿಚ್ಚಿ ಪಶ್ಚಿಮಕ್ಕೆ ಸಾಗಿಸಿದರು. ಆ ಚಳಿಗಾಲದ ಮೀನು ಹೋದದ್ದು ಹೋಯಿತು; ಅಲ್ಲಿ ಮತ್ತೆ ಎಷ್ಟು ಸೇರುತ್ತವೆ ಎಂದು ಯಾರಿಗೂ ಹೇಳಲಾಗಲಿಲ್ಲ. ಯೋಜನೆಯನ್ನು ಕೇಂದ್ರದ ಇನ್ನೊಬ್ಬ ವಹಿಸಿಕೊಂಡ. ನಷ್ಟವನ್ನು ಬರೀ ಒಟ್ಟು ಕೂಡಿ ನೋಡದೆ, ಯಾವ ಒಂದು ಮನೆಯ ನಷ್ಟವೂ ಒಂದು ಮಿತಿ ದಾಟದ ಹಾಗೆ ಲೆಕ್ಕ ಕಟ್ಟಬೇಕೆಂದು ನೊಯೆಮಿ ಅವನಿಗೆ ಬರೆದುಕೊಟ್ಟಳು. ಅವನು ಅದನ್ನು ಸೇರಿಸಿಕೊಂಡ. ಅವಳ ಹೆಸರು ಹಾಕಲಿಲ್ಲ, ಅವಳು ಕೇಳಲೂ ಇಲ್ಲ.

ಆದರೆ ಮನೆಮನೆಗೆ ಹೋಗಿ ಕೇಳುವ ಕೆಲಸಕ್ಕೆ ಊರನ್ನು ಬಲ್ಲವರು ಬೇಕಿತ್ತು. ಅದಕ್ಕೆ ಮತ್ತೆ ಅವಳನ್ನೇ ಕಳಿಸಿದರು. ನಕ್ಷೆಯ ಸುರುಳಿ ಕಂಕುಳಲ್ಲಿಟ್ಟುಕೊಂಡು ಅದೇ ಬೀದಿಗಳಲ್ಲಿ ನಡೆಯುವುದು ಅವಳಿಗೆ ಶಿಕ್ಷೆಗಿಂತ ಹೆಚ್ಚಾಗಿತ್ತು. ಯಾರೂ ಬಾಗಿಲು ಹಾಕಲಿಲ್ಲ. ನೀರು ಕೊಟ್ಟರು, ಕೂರಲು ಹೇಳಿದರು, ಕೇಳಿದ್ದಕ್ಕೆ ಉತ್ತರಿಸಿದರು, ಎಲ್ಲ ಮುಗಿದ ಮೇಲೆ ಒಬ್ಬರಲ್ಲ ಒಬ್ಬರು, "ಇದನ್ನೆಷ್ಟು ನಂಬ್ತೀಯಮ್ಮ? ಪೂರ್ತಿನಾ, ಅರ್ಧಾನಾ?" ಎಂದು ಕೇಳುತ್ತಿದ್ದರು. ಕೇಳಿ ನಗುತ್ತಿದ್ದರು. ಅವಳು ತಲೆತಗ್ಗಿಸಿ ಸುರುಳಿ ಕಟ್ಟುತ್ತಿದ್ದಳು.

ಬಸೀಲಿಯಾಳ ಅಂಗಳಕ್ಕೆ ಹೋಗಲು ಧೈರ್ಯ ಬಂದದ್ದು ಎಲ್ಲರ ನಂತರ. ಬಸೀಲಿಯಾ ಹೊಸ ಬಿದಿರು ಗಳುಗಳಿಗೆ ದಾರ ಕಟ್ಟುತ್ತಿದ್ದಳು. ನೊಯೆಮಿ ತಂದ ನಕ್ಷೆಯನ್ನು ನೆಲದ ಮೇಲೆ ಬಿಡಿಸಿ, ಗಾಳಿಗೆ ಹಾರದ ಹಾಗೆ ಮೂಲೆಗೆ ತನ್ನ ಚಪ್ಪಲಿ ಇಟ್ಟು, ಒಂದೊಂದು ಚೌಕದ ಮೇಲೂ ಬೆರಳಿಟ್ಟು ಹೇಳುತ್ತಾ ಹೋದಳು. ಒಂದು ಚೌಕದ ಮೇಲೆ ಬೆರಳು ನಿಂತಿತು.

"ಇಲ್ಲಿ ಏನಿದೆ ಅಂತ ಬರ್ದಿದ್ದೀಯ?"

"ಏನೂ ಬರೆದಿಲ್ಲ. ಯಾರೂ ಹೇಳಿಲ್ಲ."

"ನನಗೂ ಗೊತ್ತಿಲ್ಲ. ಹಾಗೇ ಬಿಡು. ತುಂಬಬೇಡ."

ಒಳಗಿನಿಂದ ತಂಗಿ ಎಡಗೈಯಲ್ಲಿ ನಿಂಬೆ ಷರಬತ್ತಿನ ಲೋಟ ಹಿಡಿದು ತಂದು ಕೊಟ್ಟಳು. ಬಲಗೈ ಮೈಗೆ ಅಂಟಿಕೊಂಡೇ ಇತ್ತು. ನೊಯೆಮಿ ಎದ್ದು ನಿಂತು ಎರಡೂ ಕೈಯಲ್ಲಿ ಲೋಟ ತೆಗೆದುಕೊಂಡಳು. ಕ್ಷಮಿಸಿ ಎಂಬ ಮಾತು ಬಾಯಿಯವರೆಗೆ ಬಂತು. ಅದನ್ನು ಹೇಳಿದರೆ ಆ ಹೆಂಗಸು ಪರವಾಗಿಲ್ಲ ಎನ್ನಬೇಕಾಗುತ್ತದೆ, ಅವಳ ತಲೆಯ ಮೇಲೆ ಆ ಹೊರೆಯನ್ನೂ ಏಕೆ ಹಾಕುವುದು ಎನಿಸಿ, ಸುಮ್ಮನೆ ಕುಡಿದಳು.

ಬಸ್ಸಿಗೆ ಹೋಗುವ ದಾರಿಯಲ್ಲಿ ಗಾಸ್ಪರ್‌ನ ಮನೆ. ಅವನು ಈಗ ಧಕ್ಕೆಗೆ ಹೋಗುವುದು ಕಡಿಮೆ, ಹೋದರೂ ಮಾತು ಕಡಿಮೆ ಎಂದು ಜನ ಹೇಳುತ್ತಿದ್ದರು; ಅವನ ಕಥೆಗಳಿಲ್ಲದೆ ಗಾಳಿಯ ದಿನಗಳು ಉದ್ದವಾಗಿವೆ ಎಂದು ಬೈದುಕೊಳ್ಳುತ್ತಲೂ ಇದ್ದರು. ಅವನು ಜಗುಲಿಯಲ್ಲಿ ಕೂತು ಬಲೆ ಹೊಲಿಯುತ್ತಿದ್ದ. ಅವಳನ್ನು ಕಂಡು ಸೂಜಿ ಹಿಡಿದ ಕೈಯನ್ನು ಸ್ವಲ್ಪ ಮೇಲೆತ್ತಿದ. ಅವಳೂ ಕೈ ಎತ್ತಿದಳು. ಗೇಟಿಗೆ ಅಗುಳಿ ಹಾಕಿರಲಿಲ್ಲ. ಅವಳು ಅದರ ಮುಂದೆ ಒಂದು ಗಳಿಗೆ ನಿಂತಳು. ಒಳಗೆ ಹೋಗಲು ಕಾಲು ಬರಲಿಲ್ಲ. ಬರುತ್ತೇನೆ ಪಾದ್ರಿನೊ ಎಂದು ಹೇಳಿ, ಅವನಿಗೆ ಕೇಳಿಸಿತೋ ಇಲ್ಲವೋ ತಿಳಿಯದೆ, ಬಸ್ಸಿನ ಕಡೆ ನಡೆದಳು.